ಲಾರಿ ಹತ್ತಿದ ರಾಕ್: ಮೆಲ್ಬರ್ನ್, 1976

1976ರ ಫೆಬ್ರವರಿ 23. ಮೆಲ್ಬರ್ನ್ ನಗರದ ನಡುಮಧ್ಯೆ ಇರೋ ಸ್ವಾನ್‌ಸ್ಟನ್ ಸ್ಟ್ರೀಟ್‌ನಲ್ಲಿ ಒಂದು ತೆರೆದ ಲಾರಿ ನಿಧಾನಕ್ಕೆ ಹೋಗ್ತಿದೆ. ಅದರ ಮೇಲೆ ಎಸಿ/ಡಿಸಿ ಬ್ಯಾಂಡ್‌ನ ಐವರು, ಜೊತೆಗೆ ಬ್ಯಾಗ್‌ಪೈಪ್ ಊದುವವರು. ಫುಟ್‌ಪಾತ್ ಮೇಲೆ ಹೋಗ್ತಿದ್ದ ಜನ ನಿಂತು ನೋಡ್ತಿದ್ದಾರೆ.

'ಇಟ್ಸ್ ಎ ಲಾಂಗ್ ವೇ ಟು ದ ಟಾಪ್' ಹಾಡಿನ ವಿಡಿಯೊ ಇದು. ಆಸ್ಟ್ರೇಲಿಯಾದ ಸರ್ಕಾರಿ ಟಿವಿ ಎಬಿಸಿಯ 'ಕೌಂಟ್‌ಡೌನ್' ಕಾರ್ಯಕ್ರಮಕ್ಕಾಗಿ ಪಾಲ್ ಡ್ರೇನ್ ನಿರ್ದೇಶಿಸಿದ್ದು. ಎಂಟಿವಿ ಶುರುವಾಗೋಕೆ ಇನ್ನೂ ಐದು ವರ್ಷ ಇತ್ತು. ಸೆಟ್ ಇಲ್ಲ, ಡ್ಯಾನ್ಸರ್‌ಗಳಿಲ್ಲ. ಕೇಳಿಸೋದು ಸ್ಟುಡಿಯೊದಲ್ಲಿ ಮೊದಲೇ ರೆಕಾರ್ಡ್ ಆದ ಹಾಡು. ಆದರೂ ಆ ಜೋಶ್ ನಿಜದ್ದು. ಅದು ಬಂದಿದ್ದು ಓಡೋ ಲಾರಿಯಿಂದ, ಬೀದಿಯಿಂದ.

ಹಾಡಿನ ವಿಷಯವೂ ಬೀದಿಯದ್ದೇ. ಊರೂರು ಸುತ್ತೋ ಬ್ಯಾಂಡ್‌ನವರು ಪೆಟ್ಟು ತಿನ್ನೋದು, ದುಡ್ಡು ಕಳ್ಕೊಳ್ಳೋದು, ದುಡಿದಷ್ಟು ಸಂಬಳ ಸಿಗದೇ ಇರೋದು.

ಹಾಗಾದ್ರೆ ರಾಕ್ ಹಾಡಲ್ಲಿ ಬ್ಯಾಗ್‌ಪೈಪ್ ಯಾಕೆ? ಎರಡನೇ ಮಹಾಯುದ್ಧದ ನಂತರ 10 ಪೌಂಡ್ ಟಿಕೆಟ್ ಯೋಜನೆಯಲ್ಲಿ ಲಕ್ಷಾಂತರ ಬ್ರಿಟಿಷರು ಆಸ್ಟ್ರೇಲಿಯಾಗೆ ವಲಸೆ ಬಂದರು. ಆ ವಲಸೆಯ ಕಾಲದಲ್ಲೇ ಗಾಯಕ ಬಾನ್ ಸ್ಕಾಟ್‌ನ ಕುಟುಂಬ 1952ರಲ್ಲಿ ಸ್ಕಾಟ್‌ಲೆಂಡಿನಿಂದ ಬಂತು. ಗಿಟಾರ್ ನುಡಿಸೋ ಮಾಲ್ಕಮ್ ಮತ್ತು ಆಂಗಸ್ ಯಂಗ್ ಅವರ ಕುಟುಂಬ 1963ರಲ್ಲಿ ಗ್ಲಾಸ್ಗೋದಿಂದ ಬಂತು. ಬಾನ್ ಹಿಂದೆ ಪೈಪ್ ಬ್ಯಾಂಡ್‌ನಲ್ಲಿದ್ದ ಅಂತ ತಿಳಿದ ಯಂಗ್ ಸಹೋದರರ ಅಣ್ಣ, ನಿರ್ಮಾಪಕ ಜಾರ್ಜ್ ಯಂಗ್, "ಬ್ಯಾಗ್‌ಪೈಪ್ ಸೇರಿಸೋಣ" ಅಂದ. ತಮಾಷೆ ಏನಂದ್ರೆ, ಬಾನ್ ಅಲ್ಲಿ ಬಾರಿಸ್ತಾ ಇದ್ದಿದ್ದು ಡ್ರಮ್! ಆಮೇಲೆ ಕೂತು ಕಲಿತ.

1979ರ 'ಹೈವೇ ಟು ಹೆಲ್' ಆಲ್ಬಂ ಅಮೆರಿಕದಲ್ಲೂ ಗೆದ್ದಿತು. ಹಾಡಿನಲ್ಲಿ ಹೇಳಿದ ದೂರದ ತುದಿ ಕಾಣೋ ಹೊತ್ತಿಗೆ, 1980ರ ಫೆಬ್ರವರಿ 19ರಂದು, ಬಾನ್ ಲಂಡನ್‌ನಲ್ಲಿ ತೀರಿಕೊಂಡ. ವಯಸ್ಸು 33. ಅದೇ ವರ್ಷ ಹೊಸ ಗಾಯಕ ಬ್ರಯಾನ್ ಜಾನ್ಸನ್ ಜೊತೆ ಬಂದ 'ಬ್ಯಾಕ್ ಇನ್ ಬ್ಲ್ಯಾಕ್' ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಒಂದಾಯ್ತು. ಆದರೆ ಲಾರಿ ಮೇಲಿನ ಆ ಹಾಡು ಬಾನ್‌ದು ಅಂತ ಬ್ರಯಾನ್ ಅದನ್ನ ವೇದಿಕೆಯಲ್ಲಿ ಹಾಡಲ್ಲ.

2004ರಲ್ಲಿ ಮೆಲ್ಬರ್ನ್ ತನ್ನ ಒಂದು ಗಲ್ಲಿಗೆ ಎಸಿಡಿಸಿ ಲೇನ್ ಅಂತ ಹೆಸರಿಟ್ಟಿತು. ಬೀದಿ ಹೆಸರಲ್ಲಿ ಗೆರೆ ಹಾಕೋ ಹಾಗಿಲ್ಲ, ಹಾಗಾಗಿ ಬ್ಯಾಂಡ್‌ನ ಹೆಸರಿನ ನಡುವಿನ ಓರೆಗೆರೆ ಬೋರ್ಡ್‌ನಲ್ಲಿಲ್ಲ.

ವಿಡಿಯೊ ಮತ್ತೊಮ್ಮೆ ಹಾಕಿದಾಗ ಬ್ಯಾಂಡ್ ಬಿಟ್ಟು ಫುಟ್‌ಪಾತ್ ಮೇಲಿರೋ ಮುಖಗಳನ್ನ ನೋಡಿ. ತಮ್ಮ ಮುಂದೆ ಹೋಗ್ತಿರೋರು ಯಾರಾಗ್ತಾರೆ ಅಂತ ಅವರಿಗಿನ್ನೂ ಗೊತ್ತಿಲ್ಲ.

#ರಾಕ್_ಇತಿಹಾಸ #ಹಾಡಿನ_ಹಿಂದಿನ_ಕಥೆ