ಪೊರೆಯ ಮರೆಯಲ್ಲಿ ಉಳಿದ ರೋಗ: ಹಾನಗಲ್ ಸೀಮೆ ಮತ್ತು ಗ್ಲಾಕೊಮಾ

ಅಕ್ಕಿಆಲೂರು, ಹಾನಗಲ್, ಹಿರೇಕೆರೂರು, ಸವಣೂರು, ಶಿಗ್ಗಾಂವಿ ಕಡೆಯ ಹಳ್ಳಿಗಳಲ್ಲಿ ವಯಸ್ಸಾದವರ ನೋಟ ಮಂಜಾದರೆ ಅದನ್ನು ಪೊರೆಯೆಂದೇ ತಿಳಿಯುವುದು ಬಹುಕಾಲದ ರೂಢಿಯಾಗಿದ್ದು, ಗ್ಲಾಕೊಮಾದ ಇತಿಹಾಸ ಈ ರೂಢಿಯ ಮರೆಯಲ್ಲೇ ಸಾಗಿಬಂದಿದೆ. ಪೊರೆಯಲ್ಲಿ ಮಬ್ಬಾಗುವುದು ಕಣ್ಣಿನ ಮಸೂರ. ಅದನ್ನು ತೆಗೆದರೆ ನೋಟ ಮರಳುತ್ತದೆ. ಗ್ಲಾಕೊಮಾದಲ್ಲಿ ಸಾಮಾನ್ಯವಾಗಿ ಕಣ್ಣಿನೊಳಗಿನ ದ್ರವ ಸರಾಗವಾಗಿ ಹೊರಹೋಗದೆ ಒತ್ತಡ ಏರಿ, ಮಿದುಳಿಗೆ ನೋಟವನ್ನು ಒಯ್ಯುವ ದೃಷ್ಟಿನರ ಸವೆಯುತ್ತದೆ. ಮೊದಲು ಬದಿಯ ನೋಟ ಹೋಗಿ ನಡುವಿನದು ಕೊನೆಯವರೆಗೂ ಉಳಿಯುವುದರಿಂದ ರೋಗಿಗೆ ನಷ್ಟದ ಅರಿವಾಗುವುದು ತಡವಾಗಿ, ಮತ್ತು ಹೋದ ನೋಟ ಯಾವ ಚಿಕಿತ್ಸೆಯಿಂದಲೂ ಬರುವುದಿಲ್ಲ.

ಸುಶ್ರುತಸಂಹಿತೆಯ ಉತ್ತರತಂತ್ರ ವರ್ಣಿಸುವ ಅಧಿಮಂಥ, ಅಂದರೆ ಕಣ್ಣನ್ನೂ ಅರ್ಧ ತಲೆಯನ್ನೂ ಕಡೆದಂತೆ ನೋಯಿಸುವ ರೋಗ, ಹಠಾತ್ತನೆ ಎರಗುವ ಗ್ಲಾಕೊಮಾವನ್ನು ಬಹಳ ಮಟ್ಟಿಗೆ ಹೋಲುತ್ತದೆ. ನೋವಿಲ್ಲದೆ ಬೆಳೆಯುವ ಬಗೆಯನ್ನು ಗುರುತಿಸಲು ಮಾತ್ರ, ಕಣ್ಣಿನ ಒಳಭಾಗವನ್ನು ತೋರಿಸುವ ಹೆಲ್ಮ್‌ಹೋಲ್ಟ್ಸ್‌ರ 1851ರ ಉಪಕರಣದವರೆಗೆ ಕಾಯಬೇಕಾಯಿತು. ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿದ್ದ ರಾಬರ್ಟ್ ಹೆನ್ರಿ ಎಲಿಯಟ್ 1909ರಲ್ಲಿ, ಕಣ್ಣಿನ ಬಿಳಿ ಗೋಡೆಯಲ್ಲಿ ಸಣ್ಣ ರಂಧ್ರ ಕೊರೆದು ದ್ರವಕ್ಕೆ ಹೊಸ ದಾರಿ ಮಾಡುವ ಶಸ್ತ್ರಚಿಕಿತ್ಸೆಯನ್ನು ರೂಢಿಗೆ ತಂದರು. ಆದರೆ ಹಾನಗಲ್ ಸೀಮೆ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಮದ್ರಾಸಾಗಲಿ, 1896ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಿಂಟೋ ಆಸ್ಪತ್ರೆಯಾಗಲಿ ಇಲ್ಲಿನ ರೈತನ ಕೈಗೆ ಎಟಕುವಂಥವಾಗಿರಲಿಲ್ಲ.

ಹಳ್ಳಿಗೆ ಬಂದದ್ದು ಶಿಬಿರ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು 1940ರ ದಶಕದಿಂದ ಊರೂರು ತಿರುಗಿ ಉಚಿತ ನೇತ್ರ ಶಿಬಿರಗಳನ್ನು ನಡೆಸಿ, ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆಗಳ ದಾಖಲೆ ಮಾಡಿದ್ದು ನಾಡಿಗೆ ಹೆಮ್ಮೆಯ ಸಂಗತಿ. ಬಡವರ ಪಾಲಿಗೆ ಇದಕ್ಕಿಂತ ದೊಡ್ಡ ಉಪಕಾರ ಆ ಕಾಲದಲ್ಲಿ ಸಾಧ್ಯವಿರಲಿಲ್ಲ. ಮಸೂರ ತೆಗೆದು ದಪ್ಪ ಕನ್ನಡಕ ಕೊಡುತ್ತಿದ್ದ ದಿನಗಳಲ್ಲಿ, ಇನ್ನೂ ಕಾಣುತ್ತಿರುವ ಕಣ್ಣನ್ನು ಕೊಯ್ಯುವುದರಿಂದ ಲಾಭ ಕಡಿಮೆಯಿದ್ದುದರಿಂದ, ಪೊರೆ ಬಲಿತ ಮೇಲೆ ಬನ್ನಿ ಎನ್ನುವುದೂ ಸರಿಯಾದ ಸಲಹೆಯೇ ಆಗಿತ್ತು. ಆ ಸಲಹೆ ಮನೆಮಾತಾಗಿ ಉಳಿದದ್ದು ಗ್ಲಾಕೊಮಾದವರಿಗೆ ಕೇಡಾಯಿತು: ಅವರ ಕಣ್ಣಿನಲ್ಲಿ ಬಲಿಯುವುದಕ್ಕೆ ಏನೂ ಇಲ್ಲ, ಕಾದಷ್ಟೂ ನರ ಸಾಯುತ್ತದೆ. ಸಾಲದೆಂಬಂತೆ, ಅತಿಯಾಗಿ ಬಲಿತ ಪೊರೆಯೇ ಉಬ್ಬಿ ದ್ರವದ ದಾರಿಯನ್ನು ಮುಚ್ಚುವುದುಂಟು. ಕೆಂಪಾದ ಕಣ್ಣು, ತಡೆಯಲಾರದ ನೋವು, ವಾಂತಿಯೊಂದಿಗೆ ಬರುವ ಅಂಥ ರೋಗಿಯಲ್ಲಿ ಎರಡೂ ರೋಗಗಳು ಒಂದಾಗಿರುತ್ತವೆ.

1957ರಲ್ಲಿ ಹುಬ್ಬಳ್ಳಿಗೆ ವೈದ್ಯಕೀಯ ಕಾಲೇಜು ಬಂದು, 1967ರಲ್ಲಿ ಡಾ. ಎಂ. ಎಂ. ಜೋಶಿಯವರ ಕಣ್ಣಿನ ಆಸ್ಪತ್ರೆ ತೆರೆದ ಮೇಲೆ ತಜ್ಞರು ಬಸ್ಸಿನ ದಾರಿಯಷ್ಟು ಹತ್ತಿರವಾದರು. ಆದರೆ 1976ರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಬಹುಕಾಲ ಪೊರೆಯನ್ನೇ ಗುರಿಯಾಗಿಟ್ಟುಕೊಂಡಿತ್ತು. ಗ್ಲಾಕೊಮಾ ಹುಡುಕಲು ಕಣ್ಣಿನ ಒತ್ತಡ ಅಳೆಯುವ ಷಿಯೋಟ್ಸ್ ಉಪಕರಣ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು; ರೋಗಿಯನ್ನು ಅಂಗಾತ ಮಲಗಿಸಿ, ಕಣ್ಣು ಜೋಮುಗಟ್ಟಿಸುವ ಹನಿ ಹಾಕಿ, ಪಾಪೆಯ ಮುಂದಿನ ಪಾರದರ್ಶಕ ಪದರದ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿದರೆ ಮುಳ್ಳು ಓಡಿ ಅಂಕೆ ತೋರಿಸುತ್ತದೆ. ಆದರೂ ಒತ್ತಡದ ಅಳತೆಯೊಂದೇ ಸಾಲದು, ಏಕೆಂದರೆ ಒತ್ತಡ ಸಹಜವಾಗಿದ್ದೂ ನರ ಸವೆದಿರಬಹುದು. ಚೆನ್ನೈ ಸುತ್ತಲ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಯೊಂದು, ದ್ರವದ ದಾರಿ ತೆರೆದಂತೆ ಕಂಡರೂ ಬರುವ ಸಾಮಾನ್ಯ ಬಗೆಯ ಗ್ಲಾಕೊಮಾ ಇದ್ದವರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿಗೆ ಅದು ಮೊದಲು ಪತ್ತೆಯಾಗಿರಲಿಲ್ಲವೆಂದು ತೋರಿಸಿತು.

ಪತ್ತೆಯಾದ ಮೇಲಿನ ಕಷ್ಟ ಬೇರೆ. 1970ರ ದಶಕದ ಕೊನೆಗೆ ಬಂದ ಟಿಮೊಲೋಲ್ ಹನಿಯನ್ನು ದಿನವೂ, ಬದುಕಿರುವಷ್ಟು ಕಾಲ ಹಾಕಬೇಕು. ಹಾಕಿದರೆ ನೋಟ ಹೆಚ್ಚುವುದಿಲ್ಲ, ಇದ್ದದ್ದು ಉಳಿಯುತ್ತದೆ ಅಷ್ಟೆ. ಗುಣ ಕಾಣಿಸದ ಔಷಧಕ್ಕೆ ತಿಂಗಳು ತಿಂಗಳು ದುಡ್ಡು ಹಾಕಲು ಭತ್ತ, ಗೋವಿನಜೋಳದ ಬೆಲೆಯನ್ನು ನಂಬಿದ ಮನೆ ಹಿಂಜರಿದರೆ ಅದು ಅಜ್ಞಾನವಲ್ಲ. 1968ರಲ್ಲಿ ಕೇಂಬ್ರಿಜ್‌ನ ಕೇರ್ನ್ಸ್ ಪ್ರಕಟಿಸಿದ ಟ್ರಾಬೆಕ್ಯುಲೆಕ್ಟಮಿ, ಎಲಿಯಟ್ಟರ ರಂಧ್ರಕ್ಕೆ ಮುಚ್ಚಳವಿಟ್ಟು ಸುರಕ್ಷಿತಗೊಳಿಸಿದ ಶಸ್ತ್ರಚಿಕಿತ್ಸೆ, ಇಂಥವರಿಗೆ ಹಲವೊಮ್ಮೆ ಹೆಚ್ಚು ಒಪ್ಪುತ್ತದೆ, ಆದರೆ ಅದಾದ ಮೇಲೂ ತಪಾಸಣೆ ತಪ್ಪುವಂತಿಲ್ಲ.

ರಕ್ತದಾನಿಗಳ ಊರೆಂದು ಹೆಸರಾದ ಅಕ್ಕಿಆಲೂರಿನಲ್ಲಿ ಕೊಡುವ ಮನಸ್ಸಿಗೆ ಕೊರತೆಯಿಲ್ಲ. ಆದರೆ ದಾನವಾಗಿ ಬಂದ ಕಣ್ಣಿನಿಂದ ಬಳಕೆಯಾಗುವುದು ಮುಂದಿನ ಪಾರದರ್ಶಕ ಪದರವಾದ್ದರಿಂದ, ದೃಷ್ಟಿನರ ಸತ್ತವರಿಗೆ ಅದು ನೆರವಾಗದು. ಅವರಿಗಲ್ಲದಿದ್ದರೂ ಅವರ ಒಡಹುಟ್ಟಿದವರಿಗೂ ಮಕ್ಕಳಿಗೂ ಇನ್ನೂ ಸಮಯವಿದೆ: ಈ ರೋಗ ಮನೆತನದಲ್ಲಿ ಹರಿಯುವುದರಿಂದ, ನಲವತ್ತರ ಆಸುಪಾಸಿನಲ್ಲಿ ಓದುವ ಕನ್ನಡಕಕ್ಕೆಂದು ಬಂದಾಗಲೇ ಅವರ ದೃಷ್ಟಿನರವನ್ನೂ ನೋಡಿಬಿಡಬಹುದು.