ಊರು ಒಂದೇ, ಶಾಸನಸಭೆ ಮೂರು

1947ರಲ್ಲಿ ಬೀಳಗಿಯಿಂದ ರಬಕವಿಗೆ ಹೊರಟ ಚಕ್ಕಡಿಯೊಂದು ನಾಲ್ಕು ಆಡಳಿತಗಳ ನೆಲವನ್ನು ದಾಟಬೇಕಿತ್ತು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಮುಧೋಳ ಘೋರ್ಪಡೆಯವರದು, ಜಮಖಂಡಿ ಪಟವರ್ಧನರದು. ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ ಸೇರಿದರೆ, ಅದಕ್ಕೆ ಒತ್ತಿಕೊಂಡೇ ಇರುವ ರಬಕವಿ ಸಾಂಗ್ಲಿ ಸಂಸ್ಥಾನದ್ದು. ಹೊಲದ ಕಾನೂನು, ಕಂದಾಯ, ಕಚೇರಿ ಎಲ್ಲವೂ ಬೇರೆ ಬೇರೆ.

ಬಸಪ್ಪ ದಾನಪ್ಪ ಜತ್ತಿಯವರ ರಾಜಕೀಯ ಬದುಕನ್ನು ಈ ನಕ್ಷೆಯಿಂದ ಓದತೊಡಗಿದರೆ ಅದು ಬೇರೆಯೇ ಆಗಿ ಕಾಣುತ್ತದೆ. 1977ರ ಹಂಗಾಮಿ ರಾಷ್ಟ್ರಪತಿ ಎಂದೇ ನಾವು ಅವರನ್ನು ನೆನೆಯುತ್ತೇವೆ. ಆದರೆ ಅವರು ಪಳಗಿದ್ದು ಶಾಸನಸಭೆಗಳಲ್ಲಿ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ವಕೀಲಿಕೆಗೆ ನಿಂತರು. ಪುರಸಭೆಯ ಸದಸ್ಯ, ಅಧ್ಯಕ್ಷ, ಸಂಸ್ಥಾನದ ಶಾಸನಸಭೆಯ ಸದಸ್ಯ, ಮಂತ್ರಿ, ಕೊನೆಗೆ ಮುಖ್ಯಮಂತ್ರಿ: ಇಷ್ಟನ್ನೂ ಅವರು ಊರು ಬಿಡದೆಯೇ ಕಂಡರು. 1948ರ ಮಾರ್ಚ್‌ನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅವರ ಕುರ್ಚಿಯೂ ಅದರೊಂದಿಗೇ ಹೋಯಿತು.

ಮತ್ತೆ ವಕೀಲಿಕೆಗೆ ಮರಳಿದವರನ್ನು 1949ರಲ್ಲಿ, ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ, ಮುಂಬಯಿ ಶಾಸನಸಭೆಗೆ ನಾಮಕರಣ ಮಾಡಲಾಯಿತು. ಬಿ.ಜಿ. ಖೇರರ ಸಂಸದೀಯ ಕಾರ್ಯದರ್ಶಿಯಾದರು. 1952ರ ಚುನಾವಣೆಯ ನಂತರ ಮೊರಾರ್ಜಿ ದೇಸಾಯಿಯವರ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿಯಾದರು. 1956ರ ನವೆಂಬರ್ 1ರಂದು ಗಡಿ ಇನ್ನೊಮ್ಮೆ ಸರಿಯಿತು. ಈ ಸಲ ಬೆಂಗಳೂರು.

ನನ್ನ ಮಟ್ಟಿಗೆ ಅವರ ಬದುಕಿನ ನಿಜವಾದ ಪರೀಕ್ಷೆ ಇಲ್ಲಿಂದ ಶುರುವಾಗುತ್ತದೆ. ಹೊಸ ಮೈಸೂರು ರಾಜ್ಯದಲ್ಲಿ ಐದು ಪ್ರದೇಶಗಳು ಕೂಡಿದ್ದವು, ಗೇಣಿ ಕಾನೂನುಗಳೂ ಹಲವು. ಮುಂಬಯಿಯ ಕಾನೂನಿನ ಪ್ರಕಾರ 1957ರ ಏಪ್ರಿಲ್ 1 ‘ಉಳುವವನ ದಿನ’. ಅಂದು ಗೇಣಿದಾರ ತಾನು ಉಳುವ ಭೂಮಿಯ ಖರೀದಿದಾರನಾಗಬೇಕಿತ್ತು. ಮುಂಬಯಿ ಕರ್ನಾಟಕದಲ್ಲಿ ಆ ಕಲಮುಗಳನ್ನು ಮೈಸೂರು ಸರ್ಕಾರ 1957ರಲ್ಲಿ ಅಮಾನತಿನಲ್ಲಿಟ್ಟಿತು. ಇಡೀ ರಾಜ್ಯಕ್ಕೆ ಒಂದೇ ಕಾನೂನು ರೂಪಿಸಲು ಸಮಿತಿಯೊಂದನ್ನು ನೇಮಿಸಿತು. ಅದರ ಅಧ್ಯಕ್ಷರು ಜತ್ತಿ.

ಸಮಿತಿ ಅದೇ ವರ್ಷ ವರದಿ ಕೊಟ್ಟಿತು. 1958ರ ಮೇ ತಿಂಗಳಲ್ಲಿ, ನಿಜಲಿಂಗಪ್ಪನವರ ರಾಜೀನಾಮೆಯ ಬಳಿಕ, ಜತ್ತಿಯವರೇ ಮುಖ್ಯಮಂತ್ರಿಯಾದರು. ವರದಿ ಬರೆದವರ ಕೈಗೇ ಅಧಿಕಾರ ಬಂದಿತ್ತು. ಆದರೂ 1958ರಲ್ಲಿ ಮಂಡನೆಯಾದ ಮಸೂದೆ ಅಂಗೀಕಾರವಾದದ್ದು 1961ರಲ್ಲಿ, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಗೇಣಿ ಭೂಮಿಯನ್ನು ಮರಳಿ ಪಡೆಯುವ ಅವಕಾಶ ಒಡೆಯರಿಗೆ ಉಳಿದಿತ್ತು. ಈ ವರ್ಷಗಳಲ್ಲಿ ಕಾಗದಪತ್ರ ಸರಿಮಾಡಿಕೊಳ್ಳಲು ಪುರಸೊತ್ತು ಸಿಕ್ಕಿದ್ದು ಯಾರಿಗೆ ಎಂದು ಹಳ್ಳಿಯನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಗೇಣಿ ಪದ್ಧತಿ ರದ್ದಾದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ, 1974ರ ಮಾರ್ಚ್ 1ರಂದು. ಮುಂಬಯಿಯ ‘ಉಳುವವನ ದಿನ’ಕ್ಕೂ ಇದಕ್ಕೂ ನಡುವೆ ಹದಿನೇಳು ವರ್ಷ.

ಈ ವಿಳಂಬದ ಹೊಣೆಯನ್ನೆಲ್ಲ ಜತ್ತಿಯವರೊಬ್ಬರ ಮೇಲೆ ಹೊರಿಸುವುದು ಸುಲಭ, ಆದರೆ ಸರಿಯಲ್ಲ. ಭೂಮಿಯುಳ್ಳವರೇ ಬಲವಾಗಿದ್ದ ಪಕ್ಷದೊಳಗೆ ಅವರು ಸಮಾಧಾನದ ದಾರಿ ಹಿಡಿದ ರಾಜಕಾರಣಿ. ಅದೇ ಗುಣ ಅವರನ್ನು ಮೇಲೆ ತಂದಿತು, ಅದೇ ಗುಣ ಕಾನೂನನ್ನು ಮೆದುಗೊಳಿಸಿತು.

1962ರಲ್ಲಿ ಜತ್ತಿ ಜಮಖಂಡಿಯಿಂದ ಗೆದ್ದರು, ಮುಖ್ಯಮಂತ್ರಿ ಪದವಿ ಮಾತ್ರ ಉಳಿಯಲಿಲ್ಲ. ಹುನಗುಂದದ ಎಸ್.ಆರ್. ಕಂಠಿ ಕೆಲವು ತಿಂಗಳು ಆ ಸ್ಥಾನದಲ್ಲಿದ್ದರು. ಹೊಸದುರ್ಗದಲ್ಲಿ ಸೋತಿದ್ದ ನಿಜಲಿಂಗಪ್ಪ ಬಾಗಲಕೋಟೆಯಿಂದ ಆರಿಸಿ ಬಂದು ಮತ್ತೆ ಮುಖ್ಯಮಂತ್ರಿಯಾದರು. ಒಂದೇ ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳು. ಮೂವರ ಕ್ಷೇತ್ರಗಳೂ ಇಂದಿನ ಬಾಗಲಕೋಟೆ ಜಿಲ್ಲೆಯವು. ಜತ್ತಿ ಮುನಿಸಿಕೊಂಡು ಮನೆಗೆ ಹೋಗದೆ ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ಹಣಕಾಸು ಮಂತ್ರಿಯಾದರು.

ಮುಂದಿನದು ಪುದುಚೇರಿ, ಒಡಿಶಾ, ದೆಹಲಿಯ ಕಥೆ. ಅದನ್ನು ಬರೆದವರು ಹಲವರಿದ್ದಾರೆ. ಹದಿನೇಳು ವರ್ಷ ಕಾದ ಜಮಖಂಡಿ, ಮುಧೋಳ, ಬೀಳಗಿಯ ಗೇಣಿದಾರರ ಕಡೆಯಿಂದ ಈ ಶಾಸಕನ ಚರಿತ್ರೆ ಬರೆಯುವ ಕೆಲಸ ಇನ್ನೂ ಬಾಕಿಯಿದೆ.