ಅರ್ಧ ಟೇಬಲ್ಲಿನ ಸಂತೆ

ಮೊದಲು ಲೆಕ್ಕ ಒಪ್ಪಿಸಿಬಿಡ್ತೀನಿ. ಇಪ್ಪತ್ತನಾಲ್ಕು ಪುಟದ ಕಪ್ಪು-ಬಿಳುಪು ಕಾಮಿಕ್ಸು, ನೂರು ಪ್ರತಿ. ಸುಲ್ತಾನ್‌ಪೇಟೆಯ ಪ್ರೆಸ್ಸಿಗೆ ಕೊಟ್ಟಿದ್ದು 6,000 ರೂಪಾಯಿ. ಬೆಂಗಳೂರಿನ ಒಂದು ಕಾಮಿಕ್ಸ್ ಮೇಳದಲ್ಲಿ ಇನ್ನೊಬ್ಬ ಹುಡುಗನ ಜೊತೆ ಟೇಬಲ್ ಹಂಚಿಕೊಂಡಿದ್ದಕ್ಕೆ ನನ್ನ ಪಾಲಿನ ಬಾಡಿಗೆ 4,000. ಎರಡು ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತು ಮಾರಿದ್ದು 31 ಪ್ರತಿ, ತಲಾ ನೂರು ರೂಪಾಯಿ. ಲುಕ್ಸಾನು 6,900. ಆಟೋ ಮತ್ತು ಊಟ ಇದರಲ್ಲಿ ಸೇರಿಲ್ಲ.

ಪುಸ್ತಕದ ಹೆಸರು ‘ಏಳೂವರೆ ಬಸ್ಸು’. ನಮ್ಮೂರಿಗೆ ದಿನಕ್ಕೆ ಒಂದೇ ಸಲ ಬರ್ತಿದ್ದ ಬಸ್ಸಿನ ಕತೆ. ಟೇಬಲ್ ಹತ್ತಿರ ಬಂದವರೆಲ್ಲ ಒಂದು ಪುಟ ತಿರುವಿ, ಚಿತ್ರ ನೋಡಿ ನಕ್ಕು, ಆಮೇಲೆ ಕೇಳ್ತಿದ್ದ ಪ್ರಶ್ನೆ ಒಂದೇ: “ಇಂಗ್ಲಿಷಲ್ಲಿ ಇಲ್ವಾ?” ಕೇಳಿದವರಲ್ಲಿ ಅರ್ಧದಷ್ಟು ಜನ ಈ ಪ್ರಶ್ನೆಯನ್ನ ಕನ್ನಡದಲ್ಲೇ ಕೇಳಿದರು. ಪಕ್ಕದ ಹುಡುಗ ಬೆಕ್ಕಿನ ಸ್ಟಿಕ್ಕರ್ ಮಾರ್ತಿದ್ದ. ಅವನ ಡಬ್ಬಿಯಲ್ಲಿ ಚಿಲ್ಲರೆ ತುಂಬಿ, ಆಮೇಲೆ ಕ್ಯೂಆರ್ ಕೋಡ್ ‘ಟಿಂಗ್’ ಅನ್ನೋದು ನಿಲ್ಲಲೇ ಇಲ್ಲ. ನಾನು ಅವನಿಗೆ ಹೊಟ್ಟೆಕಿಚ್ಚು ಪಡ್ತಾ ಟೇಬಲ್ ಬಟ್ಟೆಯ ಸುಕ್ಕು ಸರಿಮಾಡ್ತಾ ಕೂತೆ.

ಎರಡನೇ ದಿನ ಮಧ್ಯಾಹ್ನ ನಮ್ಮ ಆಫೀಸಿನ ಎಚ್‌ಆರ್ ಮೇಡಮ್ಮು ಮಗನ ಕೈ ಹಿಡಿದು ಎದುರಿಗೆ ಬಂದು ನಿಂತರು. ಆಫೀಸಲ್ಲಿ ಯಾರಿಗೂ ಹೇಳಿರಲಿಲ್ಲ. “ಓ, ಸೈಡ್ ಬಿಸಿನೆಸ್ಸಾ?” ಅಂದರು. 31 ಪ್ರತಿ ಮಾರೋದಕ್ಕೆ ಬಿಸಿನೆಸ್ ಅನ್ನೋ ಹೆಸರು ಕೊಟ್ಟ ಮೊದಲ ವ್ಯಕ್ತಿ ಅವರು. ಪ್ರತಿಯೊಂದನ್ನ ಕೊಂಡರು ಕೂಡ, ಆ ಋಣ ಇದೆ.

ಆ ರಾತ್ರಿ ಉಳಿದ 69 ಪ್ರತಿಗಳ ಡಬ್ಬ ಮಂಚದ ಕೆಳಗೆ ತಳ್ಳಿ, ನಿದ್ದೆ ಬರದೆ, ಈ ಟೇಬಲ್ ಅನ್ನೋದು ಎಲ್ಲಿಂದ ಬಂತು ಅಂತ ಓದೋಕೆ ಶುರು ಮಾಡಿದೆ. ಲಾಸ್ ಆದಾಗ ರೂಟ್ ಕಾಸ್ ಹುಡುಕೋದು ನಮ್ಮ ವೃತ್ತಿಯ ಚಟ. ತಿಂಗಳುಗಟ್ಟಲೆ ಓದಿದೆ. ಓದಿದ್ದರಲ್ಲಿ ಮನಸ್ಸಲ್ಲಿ ಉಳಿದದ್ದು ಟೋಕಿಯೋದ ಕತೆ.

ಅದಕ್ಕಿಂತ ಮುಂಚೆ ಅಮೆರಿಕದ್ದು ಬೇಗ ಮುಗಿಸಿಬಿಡೋಣ. ಸ್ವಂತ ಕಾಮಿಕ್ಸ್ ತಾವೇ ಮಾರೋದಕ್ಕೆ ಅಲ್ಲಿ ಸಭಾಂಗಣವೇ ಬೇಕಿರಲಿಲ್ಲ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೇಟ್ ಸ್ಟ್ರೀಟಿನಲ್ಲಿ ರಾಬರ್ಟ್ ಕ್ರಂಬ್ ತನ್ನ ‘ಜ್ಯಾಪ್ ಕಾಮಿಕ್ಸ್’ನ ಮೊದಲ ಸಂಚಿಕೆಯನ್ನ ಮಕ್ಕಳನ್ನ ಕೂರಿಸೋ ತಳ್ಳುಗಾಡಿಯಲ್ಲಿಟ್ಟು ಹೆಂಡತಿ ಜೊತೆ ಮಾರಿದ. ನಮ್ಮ ಸೊಪ್ಪಿನ ಗಾಡಿಯವರಿಗೂ ಅವನಿಗೂ ವ್ಯತ್ಯಾಸ ಕೂಗು ಹಾಕೋದರಲ್ಲಿ ಮಾತ್ರ ಇದ್ದಿರಬೇಕು. ಎರಡು ವರ್ಷ ಬಿಟ್ಟು, 1970ರಲ್ಲಿ, ಸ್ಯಾನ್ ಡಿಯಾಗೋದ ಯು.ಎಸ್. ಗ್ರಾಂಟ್ ಹೋಟೆಲಿನ ನೆಲಮಾಳಿಗೆಯಲ್ಲಿ ಸುಮಾರು ಮುನ್ನೂರು ಜನ ಸೇರಿ ಮೂರು ದಿನ ಕಾಮಿಕ್ಸ್ ಬಗ್ಗೆ ಮಾತಾಡಿದರು. ಇವತ್ತು ಸಿನಿಮಾ ಕಂಪನಿಗಳು ಟ್ರೇಲರ್ ಬಿಡೋಕೆ ಹೋಗೋ ದೊಡ್ಡ ಕಾಮಿಕ್-ಕಾನ್ ಅದೇ.

1984ರ ಮೇ ತಿಂಗಳಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್ ಅನ್ನೋ ಸಣ್ಣ ಊರಿನ ಹೋಟೆಲಿನಲ್ಲಿ ಒಂದು ಪುಟ್ಟ ಮೇಳ. ಕೆವಿನ್ ಈಸ್ಟ್‌ಮನ್, ಪೀಟರ್ ಲೇರ್ಡ್ ಅನ್ನೋ ಇಬ್ಬರು ಅಲ್ಲಿ ಒಂದು ಕಪ್ಪು-ಬಿಳುಪು ಪುಸ್ತಕ ಇಟ್ಟುಕೊಂಡು ಕೂತರು. ಟ್ಯಾಕ್ಸ್ ರಿಫಂಡ್ ದುಡ್ಡಿಗೆ ಈಸ್ಟ್‌ಮನ್‌ನ ಚಿಕ್ಕಪ್ಪನ ಹತ್ತಿರ ಮಾಡಿದ ಸಾಲ ಸೇರಿಸಿ ಸುಮಾರು ಮೂರು ಸಾವಿರ ಪ್ರತಿ ಅಚ್ಚು ಹಾಕಿಸಿದ್ದರು. ನಿಂಜಾ ಕಲಿತ ನಾಲ್ಕು ಆಮೆಗಳ ಕತೆ ಅದು. ಮುಂದೆ ಆ ಆಮೆಗಳು ಎಲ್ಲಿಗೆ ಹೋದವು ಅಂತ ನಿಮಗೆ ಗೊತ್ತು. ನಿಮ್ಮ ಮಗನ ಟಿಫಿನ್ ಡಬ್ಬಿ ಮೇಲೂ ಇರಬಹುದು. ಟೇಬಲ್ ಹಾಕೋ ಪ್ರತಿಯೊಬ್ಬನೂ ತಲೆಯೊಳಗೆ ಈ ಕತೆ ಇಟ್ಟುಕೊಂಡೇ ಬರ್ತಾನೆ. ನಾನೂ ಇಟ್ಟುಕೊಂಡಿದ್ದೆ, ಯಾಕೆ ಸುಳ್ಳು ಹೇಳಲಿ? ನಮ್ಮ ತಲೆ ಕೆಡಿಸಿದ್ದು ಈ ಕತೆಯೇ ಅಂತ ಈಗ ಅನ್ನಿಸುತ್ತೆ.

ಟೋಕಿಯೋದಲ್ಲಿ ನಡೆದದ್ದು ಬೇರೆ. ಅಲ್ಲಿ ‘ಕಾಮ್’ ಅಂತ ಒಂದು ಪತ್ರಿಕೆ ಇತ್ತು. ಮಾಂಗಾ ಲೋಕದ ದೊಡ್ಡ ಹೆಸರು ಒಸಾಮು ತೆಜುಕಾ 1967ರಲ್ಲಿ ಶುರು ಮಾಡಿದ್ದು. ಅದರಲ್ಲಿ ಓದುಗರು ತಾವೇ ಬರೆದ ಕಾಮಿಕ್ಸ್ ಕಳಿಸಬಹುದಿತ್ತು, ವಿಮರ್ಶೆ ಬರ್ತಿತ್ತು, ಬೇರೆಬೇರೆ ಊರಿನ ಹುಡುಗ ಹುಡುಗಿಯರ ಗುಂಪುಗಳಿಗೆ ಒಬ್ಬರಿಗೊಬ್ಬರ ಪರಿಚಯ ಆಗ್ತಿತ್ತು. 1971ರ ಕೊನೆಗೆ ಪತ್ರಿಕೆ ನಿಂತುಹೋಯ್ತು. ಗುಂಪುಗಳು ಉಳಿದವು, ಸೇರೋಕೆ ಜಾಗ ಇಲ್ಲ. ಮಾಂಗಾ ಅಭಿಮಾನಿಗಳದ್ದೇ ಒಂದು ದೊಡ್ಡ ಸಮ್ಮೇಳನ ನಡೀತಿತ್ತು, ನಿಜ. ಆದರೆ 1975ರಲ್ಲಿ, ಆ ಸಮ್ಮೇಳನವನ್ನ ಟೀಕಿಸಿದ್ದ ಒಬ್ಬರಿಗೆ ಸಂಘಟಕರು ಒಳಗೆ ಬರಬೇಡಿ ಅಂದುಬಿಟ್ಟರು.

ನಮ್ಮ ಕಡೆ ಇಂಥದ್ದಾದರೆ ಏನಾಗುತ್ತೆ? ಎರಡು ದಿನ ಫೇಸ್‌ಬುಕ್ಕಲ್ಲಿ ಜಗಳ, ಮೂರನೇ ದಿನ ಬೇರೆ ಜಗಳ. ಅಲ್ಲೂ ಜಗಳ ಆಯ್ತು. ಜೊತೆಗೆ ‘ಮೇಯ್ಕ್ಯೂ’ ಅನ್ನೋ ವಿಮರ್ಶಕರ ಗುಂಪೊಂದು ತಾನೇ ಬೇರೆ ಸಂತೆ ಕಟ್ಟೋಕೆ ಹೊರಟಿತು. ಆ ಹೆಸರಿನ ಅರ್ಥ ದಾರಿ ತಪ್ಪಿಸೋ ಸುತ್ತುಹಾದಿ, ನಮ್ಮ ಚಕ್ರವ್ಯೂಹದ ಥರ. ಅದರಲ್ಲಿದ್ದ ಯೋಶಿಹಿರೋ ಯೊನೆಜಾವಾಗೆ ಆಗ ಬರೀ 22 ವರ್ಷ. 1975ರ ಡಿಸೆಂಬರ್ 21ರಂದು ಟೊರಾನೊಮೊನ್‌ನಲ್ಲಿ, ಅಗ್ನಿಶಾಮಕದವರ ಭವನದ ಒಂದು ಸಭಾಕೋಣೆಯಲ್ಲಿ ಟೇಬಲ್ ಜೋಡಿಸಿದರು. ಬಂದದ್ದು 32 ಗುಂಪು, ನೋಡೋಕೆ ಬಂದವರು ಅಂದಾಜು 700. ಅವರಲ್ಲಿ ಬಹುಪಾಲು ಶಾಲೆಗೆ ಹೋಗೋ ಹೆಣ್ಣುಮಕ್ಕಳು. ಕಾಮಿಕ್ಸ್ ಅಂದರೆ ಹುಡುಗರ ಹುಚ್ಚು ಅಂತ ನಮ್ಮ ತಲೆಯಲ್ಲಿ ಕೂತಿದೆಯಲ್ಲ, ಜಗತ್ತಿನ ಅತಿ ದೊಡ್ಡ ಸ್ವಪ್ರಕಟಣೆಯ ಸಂತೆಯನ್ನ ಮೊದಲ ದಿನ ತುಂಬಿಸಿದ್ದು ಹುಡುಗಿಯರು.

ಅವರು ಅದಕ್ಕೆ ಇಟ್ಟ ಹೆಸರು ಕಾಮಿಕ್ ಮಾರ್ಕೆಟ್. ಬಾಯಲ್ಲಿ ಸವೆದು ‘ಕೊಮಿಕೆ’ ಆಯ್ತು. ಸಮ್ಮೇಳನ ಅಲ್ಲ, ಉತ್ಸವ ಅಲ್ಲ, ಮಾರ್ಕೆಟ್ಟು. ಇದನ್ನ ಓದಿದಾಗ ನನಗೆ ನಮ್ಮೂರ ಪಕ್ಕದ ಸೋಮವಾರದ ಸಂತೆ ನೆನಪಾಯ್ತು. ಅಲ್ಲಿ ವೇದಿಕೆ ಇರಲ್ಲ, ಅಧ್ಯಕ್ಷತೆ ಇರಲ್ಲ. ಗೋಣಿಚೀಲ ಹಾಸಿದ ಜಾಗ ಅವತ್ತಿಗೆ ನಿಮ್ಮದು.

ಕೊಮಿಕೆಯ ನಿಯಮಗಳಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಒಂದು: ಅಲ್ಲಿ ಗಿರಾಕಿ ಅಂತ ಯಾರೂ ಇಲ್ಲ. ಮಾರೋಕೆ ಬಂದವರು, ಕೊಳ್ಳೋಕೆ ಬಂದವರು, ಸಾಲು ನಿಲ್ಲಿಸೋ ಸ್ವಯಂಸೇವಕರು, ಮೂವರಿಗೂ ‘ಭಾಗವಹಿಸುವವರು’ ಅಂತ ಒಂದೇ ಹೆಸರು. ಬೆಳಿಗ್ಗೆ ಸಂತೆ ಶುರುವಾಯ್ತು ಅಂತ ಮೈಕಲ್ಲಿ ಹೇಳಿದ ಕೂಡಲೇ ಎಲ್ಲರೂ ಚಪ್ಪಾಳೆ ಹೊಡೀತಾರೆ, ಮುಗಿದಾಗಲೂ ಹೊಡೀತಾರೆ. ಇದು ಬರೀ ಒಳ್ಳೇ ಮಾತು ಅಂತ ಅನ್ನಿಸಬಹುದು, ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಅದರಿಂದ ವ್ಯವಸ್ಥೆಯೇ ಬದಲಾಗುತ್ತೆ. ಗಿರಾಕಿ ಇದ್ದರೆ ಅವನಿಗೆ ಬೇಕಾದ್ದನ್ನ ಮುಂದಿಡಬೇಕು. ಗಿರಾಕಿ ಇಲ್ಲದಿದ್ದರೆ ನಿನಗೆ ಬೇಕಾದ್ದನ್ನ ಇಡಬಹುದು. ಜಾಗಕ್ಕೆ ಅರ್ಜಿ ಹಾಕಿದವರು ಜಾಸ್ತಿಯಾದಾಗ ಆರಿಸೋದು ಲಾಟರಿಯಲ್ಲಿ. ಹಿಂದಿನ ಸಲ ಎಷ್ಟು ಮಾರಿದೆ ಅನ್ನೋದರ ಮೇಲೆ ಅಲ್ಲ. ಸಿಗೋದು ಅರ್ಧ ಟೇಬಲ್ಲು: 90 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳ, ಜೊತೆಗೆ ಕುರ್ಚಿ. ಲಕ್ಷ ಮಾರೋನಿಗೂ ಹತ್ತು ಮಾರೋನಿಗೂ ಅಳತೆ ಅದೇ. ಲಕ್ಷ ಮಾರೋರನ್ನ ಗೋಡೆ ಪಕ್ಕ ಕೂರಿಸ್ತಾರೆ, ಸಾಲು ಬಾಗಿಲಾಚೆ ಹೋಗಲಿ ಅಂತ, ಅಷ್ಟೇ ವ್ಯತ್ಯಾಸ.

ಇಂಥಾ ಸಂತೆ ಬೆಳೆದದ್ದು ಹೇಗೆ? ವರ್ಷಕ್ಕೆರಡು ಸಲ, ಆಗಸ್ಟ್ ಮತ್ತು ಡಿಸೆಂಬರ್. ಸಣ್ಣ ಆಫ್‌ಸೆಟ್ ಪ್ರೆಸ್ಸುಗಳಿಗೆ ಇದೇ ಕೆಲಸ ಆಯ್ತು. ಅಚ್ಚಾದ ಕಟ್ಟು ಸಂತೆಯ ದಿನ ನೇರ ನಿಮ್ಮ ಟೇಬಲ್ ಕೆಳಗೇ ಬಂದು ಬೀಳುತ್ತೆ. ‘ಕ್ಲ್ಯಾಂಪ್’ನಂಥಾ ದೊಡ್ಡ ಹೆಸರಿನ ಮಾಂಗಾ ಕಲಾವಿದೆಯರ ತಂಡ ಶುರುವಾದದ್ದೂ ಇಂಥಾ ಹವ್ಯಾಸಿ ಗುಂಪಾಗಿಯೇ. ಎಲ್ಲ ಸಲೀಸಾಗಿ ನಡೀಲಿಲ್ಲ. 1991ರಲ್ಲಿ ಅಶ್ಲೀಲತೆಯ ಗಲಾಟೆ ಎದ್ದು, ಮಾಕುಹಾರಿ ಮೆಸ್ಸೆ ಅನ್ನೋ ದೊಡ್ಡ ಸಭಾಂಗಣದವರು ಜಾಗ ಕೊಡಲ್ಲ ಅಂದರು. ಗಂಟುಮೂಟೆ ಕಟ್ಟಿಕೊಂಡು ಹಳೇ ಜಾಗ ಹಾರುಮಿಗೆ ವಾಪಸ್. 1996ರಿಂದ ಟೋಕಿಯೋ ಬಿಗ್ ಸೈಟ್. 2019ರ ಡಿಸೆಂಬರಿನಲ್ಲಿ ನಾಲ್ಕು ದಿನಕ್ಕೆ ಏಳೂವರೆ ಲಕ್ಷ ಜನ ಬಂದರು. ಮುಂದಿನದ್ದು 2020ರ ಮೇ ತಿಂಗಳಿಗೆ ಇತ್ತು, ಕೊರೋನಾ ಬಂದು ರದ್ದಾಯ್ತು. ಆ 22ರ ಹುಡುಗ ಯೊನೆಜಾವಾ 1980ರಿಂದ ಇದರ ಮುಖ್ಯಸ್ಥನಾಗಿದ್ದು, 2006ರಲ್ಲಿ 53ಕ್ಕೇ ತೀರಿಕೊಂಡ. ಅವನು ಕೂಡಿಟ್ಟ ರಾಶಿ ಪುಸ್ತಕಗಳಿಗೆ ಮೇಯ್ಜಿ ವಿಶ್ವವಿದ್ಯಾಲಯ ಅವನ ಹೆಸರಿನಲ್ಲೇ ಒಂದು ಗ್ರಂಥಾಲಯ ಮಾಡಿದೆ.

ಇಷ್ಟೆಲ್ಲ ಓದುವಾಗ ನನ್ನ ತಲೆಯಲ್ಲಿ ಓಡ್ತಿದ್ದದ್ದು ಆ ಒಂದೇ ಪ್ರಶ್ನೆ. ಇಂಗ್ಲಿಷಲ್ಲಿ ಇಲ್ವಾ?

ಇದರ ಉತ್ತರಕ್ಕೆ ನಮ್ಮ ಕಡೆಯ ಇತಿಹಾಸದಲ್ಲಿ ಒಂದು ತಮಾಷೆ ಇದೆ. ಇಡೀ ದೇಶ ಇಂಗ್ಲಿಷಲ್ಲಿ ಓದಿ ಬೆಳೆದ ಅಮರ ಚಿತ್ರ ಕಥಾ ಮೊದಲು ಬಂದದ್ದು ಕನ್ನಡದಲ್ಲಿ! 1965ರಲ್ಲಿ ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಬೆನ್ನುಬಿದ್ದು ಮಾಡಿಸಿದ್ದು. ಮೊದಲ ಹತ್ತು ಪುಸ್ತಕ ಪಾಶ್ಚಾತ್ಯ ಕಿನ್ನರ ಕತೆಗಳ ಕನ್ನಡ ರೂಪ. ಅದಕ್ಕೇ ಅನಂತ ಪೈ ಅವರ ‘ಕೃಷ್ಣ’ 1969ರಲ್ಲಿ ಬಂದಾಗ ಅದರ ಮೇಲಿದ್ದ ಸಂಖ್ಯೆ 11. ಅದಕ್ಕೂ ಹಿಂದೆ, 1942ರಲ್ಲಿ ರಾಶಿಯವರು ಶುರು ಮಾಡಿದ ‘ಕೊರವಂಜಿ’ಯಲ್ಲಿ ಹುಡುಗ ಆರ್.ಕೆ. ಲಕ್ಷ್ಮಣ್ ಚಿತ್ರ ಬರೀತಿದ್ದರು. ನನ್ನ ಕಾಲಕ್ಕೆ ಬಾಲಮಂಗಳದ ಡಿಂಗ ಇದ್ದ. ಏಳೂವರೆ ಬಸ್ಸಿನ ಕಂಡಕ್ಟರಣ್ಣ ಪೇಟೆಯಿಂದ ತಂದುಕೊಡ್ತಿದ್ದರು, ಅವರು ಓದಿ ಮುಗಿಸಿದ ಮೇಲೆ. ಹಾಗಾಗಿ ಕನ್ನಡಕ್ಕೆ ಕಾಮಿಕ್ಸ್ ಹೊಸದಲ್ಲ. ಇಲ್ಲದೇ ಇದ್ದದ್ದು ಟೇಬಲ್ಲು. ದೆಹಲಿ ಹಾಟ್‌ನಲ್ಲಿ 2011ರಲ್ಲಿ ಮೊದಲ ಕಾಮಿಕ್ ಕಾನ್ ಆಗಿ, ಮರುವರ್ಷ ಬೆಂಗಳೂರಿಗೂ ಬಂತು. ಅಷ್ಟು ಹೊತ್ತಿಗೆ ಡಿಂಗನನ್ನ ಓದಿದವರೆಲ್ಲ ಕ್ಯಾಂಪಸ್ ಇಂಟರ್‌ವ್ಯೂ ಮುಗಿಸಿ ಕೆಲಸಕ್ಕೆ ಸೇರಿಯಾಗಿತ್ತು. ಟೋಕಿಯೋದ ಈ ಸ್ವಪ್ರಕಟಣೆ ಲೋಕದ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ ಭರತ್ ಮೂರ್ತಿ ಆಮೇಲೆ ಇಲ್ಲಿ ಸಣ್ಣ ಕಲಾವಿದರಿಗೇ ಅಂತ ‘ಇಂಡೀ ಕಾಮಿಕ್ಸ್ ಫೆಸ್ಟ್’ ಶುರು ಮಾಡಿದರು. ಟೀಶರ್ಟು, ಬೊಂಬೆಗಳ ನಡುವೆ ಕಳೆದುಹೋಗದೆ ಪುಸ್ತಕ ಇಡಬಹುದಾದ ಜಾಗಗಳು ಬೇಕು ಅಂತ ಅನ್ನಿಸಿದವನು ನಾನೊಬ್ಬನೇ ಅಲ್ಲ ಅಂತಾಯ್ತು.

ಅಪ್ಪನ ವಿಷಯ ಹೇಳೋದು ಬಿಟ್ಟೆ. ಕಣ್ಣಿನ ಆಪರೇಷನ್ ಆದ ಮೇಲೆ ಚೆಕಪ್‌ಗೆ ಅಂತ ಅಕ್ಕನ ಮನೆಗೆ ಬಂದಿದ್ದವರು ಮೊದಲನೇ ದಿನ ಮೇಳಕ್ಕೂ ಬಂದಿದ್ದರು. ಮೂವತ್ತು ವರ್ಷ ಸೋಮವಾರದ ಸಂತೆಯಲ್ಲಿ ಒಣಮೆಣಸಿನಕಾಯಿ ಮಾರಿದ ಮನುಷ್ಯ. ಕಪ್ಪು ಕನ್ನಡಕ ಹಾಕ್ಕೊಂಡು ಸ್ಪೈಡರ್‌ಮ್ಯಾನ್ ವೇಷದವರ ಮಧ್ಯೆ ನಡೆದು ಬಂದಾಗ ಇಬ್ಬರು ಹುಡುಗರು ಇದೂ ಯಾವುದೋ ವೇಷ ಅಂದುಕೊಂಡು ಸೆಲ್ಫಿ ತೆಗೆಸಿಕೊಂಡರು. ಟೇಬಲ್ ಮುಂದೆ ನಿಂತು ಕೇಳಿದ ಮೊದಲ ಮಾತು: “ಸುಂಕ ಎಷ್ಟ್ ಕೊಟ್ಟೆ ಮಗ?”

ಹೇಳಿದೆ.

“ನಾಕ್ ಸಾವ್ರಾನಾ? ಅರ್ಧ ಮೇಜಿಗೆ?”

ಆಮೇಲೆ ಬೈಲಿಲ್ಲ. ಟೇಬಲ್ಲಿನ ಈ ಕಡೆ ಬಂದು, ನಾನು ಅಂದವಾಗಿ ಗೋಪುರದ ಥರ ಜೋಡಿಸಿದ್ದ ಪುಸ್ತಕಗಳನ್ನ ಕೆಡವಿ ಹರವಿದರು. ಒಂದನ್ನ ಬಸ್ಸು ಕೆರೆ ಏರಿ ಮೇಲೆ ಕೆಟ್ಟು ನಿಂತಿರೋ ಪುಟಕ್ಕೆ ತೆರೆದಿಟ್ಟರು. “ಕಟ್ಟಿಟ್ಟ ಮಾಲ್ ಯಾರ್ ನೋಡ್ತಾರೆ? ಕೂತ್ಕಬೇಡ, ಎದ್ ನಿಂತ್ಕ.” ನಿಂತೆ. ಆ 31ರಲ್ಲಿ 22 ಮಾರಿದ್ದು ಅವರು ಹೋಗಿಯಾದ ಮೇಲೆ. ಮೆಣಸಿನಕಾಯಿ ಶಾಸ್ತ್ರ ಕಾಮಿಕ್ಸಿಗೂ ಆಗುತ್ತೆ ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ.

ಮುಂದಿನ ಮೇಳದ ಅರ್ಜಿ ತುಂಬಿದೀನಿ. ಇಂಗ್ಲಿಷ್ ಆವೃತ್ತಿ ಮಾಡು ಅಂತ ಸ್ಟಿಕ್ಕರ್ ಹುಡುಗ ಹೇಳಿದ, ಮಾಡಿ ನೋಡಿದೆ ಕೂಡ. ನಾಲ್ಕು ಪುಟ ಆಗೋ ಹೊತ್ತಿಗೆ ನಮ್ಮ ಕಂಡಕ್ಟರಣ್ಣ ಏರ್‌ಪೋರ್ಟಲ್ಲಿ ಕೆಲಸ ಮಾಡೋರ ಥರ ಮಾತಾಡ್ತಿದ್ದ. ಫೈಲ್ ಮುಚ್ಚಿದೆ. ಎರಡನೇ ಭಾಗವೂ ಕನ್ನಡದಲ್ಲೇ, ಈ ಸಲ 60 ಪ್ರತಿ ಸಾಕು. ಲಾಸು ಎಷ್ಟಾಗುತ್ತೆ ಅಂತ ಎಕ್ಸೆಲ್ ಶೀಟಲ್ಲಿ ಈಗಲೇ ಹಾಕಿಟ್ಟಿದೀನಿ, ತಿಂಗಳಿಗೆ ಎಷ್ಟು ಉಳಿಸಬೇಕು ಅನ್ನೋದು ಅದರ ಪಕ್ಕದ ಕಾಲಮ್ಮು.

ಕೊಮಿಕೆಯಲ್ಲಿ ಇನ್ನೊಂದು ಪದ್ಧತಿ ಇದೆ. ಮಾರೋಕೆ ತಂದ ಪ್ರತಿ ಹೊಸ ಪುಸ್ತಕದ್ದೂ ಒಂದು ಮಾದರಿ ಪ್ರತಿಯನ್ನ ಸಂಘಟಕರಿಗೆ ಕೊಡಬೇಕು. ಅವರು ಅದನ್ನ ಎತ್ತಿಡ್ತಾರೆ. ಒಂದೂ ಮಾರಾಟ ಆಗದ ಪುಸ್ತಕವೂ ಎಲ್ಲೋ ಒಂದು ಕಡೆ ಇರುತ್ತೆ. ಇಲ್ಲಿ ನನ್ನ ಹತ್ತಿರ ಯಾರೂ ಮಾದರಿ ಪ್ರತಿ ಕೇಳಿರಲಿಲ್ಲ. ಯುಗಾದಿಗೆ ಊರಿಗೆ ಹೋದಾಗ ಅಪ್ಪ ಏನೋ ಕಾಗದ ಹುಡುಕೋಕೆ ಟ್ರಂಕ್ ತೆಗೆದರು. ಪಹಣಿ, ಎಲ್‌ಐಸಿ ಬಾಂಡು, ನನ್ನ ಬಿಇ ಮಾರ್ಕ್ಸ್ ಕಾರ್ಡುಗಳ ಜೊತೆ ‘ಏಳೂವರೆ ಬಸ್ಸು’ ಇತ್ತು, ಪ್ಲಾಸ್ಟಿಕ್ ಕವರಿನೊಳಗೆ, ಒಂದು ನುಸಿಗುಳಿಗೆ ಸಮೇತ. ನಾನಂತೂ ಕೊಟ್ಟಿರಲಿಲ್ಲ. ಅವತ್ತು ಟೇಬಲ್ಲಿನಿಂದ ಎತ್ತಿಕೊಂಡು ಹೋದರಾ ಅಂತ ಕೇಳಿದೆ.

“ದುಡ್ ಡಬ್ಬಿಗ್ ಹಾಕಿವ್ನಿ, ನೋಡ್ಕ” ಅಂದರು.